ಒಂದೂವರೆ ಮುದ್ದೆ

ನಮ್ಮ ಸೋದರತ್ತೆ ದೊಡ್ಡತಾಯಮ್ಮನಿಗೆ ಅಳತೆ ಎಂದರೆ ಆಗದು. ನಮ್ಮೂರು ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಅವಳ ಹೋಟೆಲು. ಬೋರ್ಡಿಲ್ಲ, ಮುದ್ದೆ ಹೋಟೆಲ್ ಎಂದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಹಿಟ್ಟಿಗೆ ನೀರು ಕಣ್ಣಂದಾಜು, ಉಪ್ಪು ಕೈಯಂದಾಜು, ಸಾರು ಉಣ್ಣುವವರ ಮುಖ ನೋಡಿ. ಅಂಥವಳ ಕೈಗೆ ತಕ್ಕಡಿ ಕೊಟ್ಟು ಬುದ್ಧಿವಂತೆ ಅನ್ನಿಸಿಕೊಳ್ಳಲು ಹೊರಟವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅತ್ತೆಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮಜ್ಜಿ ತೀರಿಕೊಂಡರು. ಆಗ ನಮ್ಮಪ್ಪ ನಂಜಣ್ಣ ಎಂಟು ತಿಂಗಳ ಕೂಸು. ರಾಗಿ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಬೆರಳದ್ದಿ ಚೀಪಿಸಿ ಸಾಕಿದವಳು ಇವಳೇ. ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ತಮ್ಮನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋದಳಂತೆ. ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೆ ಹ್ಯಾಂಡ್‌ಪೋಸ್ಟಿಗೆ ಬಂದು ಒಲೆ ಹೂಡಿದಳು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ. ನಮ್ಮಮ್ಮ ತೀರಿಕೊಂಡ ಮೇಲೆ ರಾತ್ರಿ ಊಟ ನನ್ನ ಕೈಯದು, ಮಧ್ಯಾಹ್ನದ್ದು ಅತ್ತೆಯ ಹೋಟೆಲಿನದು. ಐವತ್ತಾರು ವರ್ಷದ ಗಂಡಸು ಅಕ್ಕನ ಎದುರು ತಟ್ಟೆ ಹಿಡಿದು ಕೂತರೆ ಸ್ಕೂಲು ಹುಡುಗನಂತೆ ಕಾಣುತ್ತಿದ್ದ.

ಅಪ್ಪನಿಗೆ ಸಕ್ಕರೆ ಕಾಯಿಲೆ. ನನಗೆ ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಏನು ಊಟ ಮಾಡಿದಿರಿ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಏನೋ ಹೋಟೆಲಲ್ಲಿ ತಿಂದೆ ಕಣವ್ವ ಅನ್ನುತ್ತಾರೆ. ಎಷ್ಟು ಎಂದರೆ ಮುಖ ನೋಡುತ್ತಾರೆ. ಊಟ ಲೆಕ್ಕ ಹಾಕುವ ಆ್ಯಪ್ ಫೋನಿನಲ್ಲಿದೆ, ನಿಜ. ಆದರೆ ಅದಕ್ಕೆ ನಮ್ಮೂರ ಮುದ್ದೆ ಚೆಂಡಿನಷ್ಟೋ ತೆಂಗಿನಕಾಯಿಯಷ್ಟೋ ಗೊತ್ತಿಲ್ಲ. ಉಣ್ಣುವವನು ಅಳೆಯುವುದೇ ಬೇಡ, ಬಡಿಸುವವರೇ ಅಳೆದು ಬಡಿಸಲಿ ಅಂತ ನನಗೆ ಹೊಳೆಯಿತು. ಮುದ್ದೆಗೊಂದು ತೂಕ, ಅನ್ನಕ್ಕೊಂದು ಬಟ್ಟಲು, ಸಾರಿಗೊಂದು ಸೌಟು. ಬಡಿಸಿದಷ್ಟಕ್ಕೆ ಒಂದು ಚೀಟಿಯಲ್ಲಿ ಗುರುತು ಹಾಕಿ ಕೊಟ್ಟರೆ ಗಿರಾಕಿ ಅದನ್ನು ಜೇಬಿಗಿಟ್ಟುಕೊಂಡು ಡಾಕ್ಟರಿಗೆ ತೋರಿಸಿದರಾಯಿತು. ಊಟದ ಚೀಟಿ ಎಂದು ಹೆಸರಿಟ್ಟು ಸಾವಿರ ಚೀಟಿ ಅಚ್ಚು ಹಾಕಿಸಿಬಿಟ್ಟೆ.

ಮೊದಲ ಹೋಟೆಲು ಅತ್ತೆಯದೇ. ತಕ್ಕಡಿ ಕಂಡೊಡನೆ ಅವಳ ಮುಖ ಸಣ್ಣಗಾಯಿತು.

"ಉಣ್ಣೋರ ತುತ್ತು ಎಣಿಸ್ಬಾರ್ದು ಕಣವ್ವ. ಆಯಸ್ಸು ಸವೀತದೆ," ಅಂದಳು.

ನಾನು ರೇಗಿದೆ. ಎಣಿಸದೆ ಉಂಡೇ ಅಪ್ಪನ ಕಾಲಿನ ಗಾಯ ಆರು ತಿಂಗಳಾದರೂ ಮಾಯಲಿಲ್ಲ, ಇನ್ನೂ ಎಣಿಸಬೇಡ ಅನ್ನುತ್ತೀಯಲ್ಲ ಎಂದು ಜೋರು ಮಾಡಿದೆ. ಗಾಯದ ಮಾತಿಗೆ ಅವಳು ಸೋತಳು. ಓದು ಬಾರದವಳು ಸೊನ್ನೆ ಗುರುತು ಹಾಕುವುದನ್ನು ಕಲಿತಳು. ಮುದ್ದೆಗೊಂದು ಸೊನ್ನೆ, ಸಾರಿಗೊಂದು ಸೊನ್ನೆ. ಗಿರಾಕಿಗಳು ಸೋದರಸೊಸೆ ನಿಂಗೇ ಪರೀಕ್ಷೆ ಇಟ್ಟವಳೆ ಕಣಕ್ಕ ಎಂದು ನಗುತ್ತಿದ್ದರು.

ಮೂರು ತಿಂಗಳಲ್ಲಿ ಇನ್ನೂ ಮೂರು ಹೋಟೆಲಿನವರು ಚೀಟಿ ಕೇಳಿದರು. ಹುಣಸೂರಿನಿಂದ ಒಬ್ಬರು ಬಂದು ನೋಡಿಕೊಂಡು ಹೋದರು, ಕೆ.ಆರ್. ನಗರದಿಂದ ಫೋನು ಬಂತು. ನಾನು ನೆಲದ ಮೇಲಿರಲಿಲ್ಲ. ಅಪ್ಪನ ಸಕ್ಕರೆ ಮಾತ್ರ ಇಳಿಯಲಿಲ್ಲ.

ಡಾಕ್ಟರು ಚೀಟಿಗಳನ್ನು ತಿರುವಿ ಹಾಕಿ ಮಧ್ಯಾಹ್ನ ಇಷ್ಟೇನಾ ಊಟ ಎಂದು ಎರಡು ಸಲ ಕೇಳಿದರು. ಅಪ್ಪ ನನ್ನ ಮುಖ ನೋಡಿದ. ಒಂದೇ ಮುದ್ದೆ ಸಾರ್, ಬರೆದಿದೆಯಲ್ಲ, ಎಂದವಳು ನಾನೇ. ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಇಷ್ಟು ಕಡಿಮೆ ತಿಂದರೂ ಇಳಿಯದಿದ್ದರೆ ಔಷಧಿ ಸಾಲದು ಎಂದು ಅವರು ಮಧ್ಯಾಹ್ನದ ಇನ್ಸುಲಿನ್ನನ್ನು ಹತ್ತು ಯೂನಿಟ್ಟಿನಿಂದ ಹದಿನೆಂಟಕ್ಕೆ ಏರಿಸಿದರು. ಆಮೇಲೆ ಸಕ್ಕರೆ ಸರಿಹೋಯಿತು. ನನ್ನ ಚೀಟಿಯೇ ಅಪ್ಪನನ್ನು ಉಳಿಸಿತು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಅದಾಗಿ ಒಂದು ತಿಂಗಳಿಗೆ, ಭಾನುವಾರ, ಮಿರ್ಲೆಯಲ್ಲಿ ಬೀಗರೂಟವೆಂದು ಅತ್ತೆ ಹೊರಟಳು. ಹೋಟೆಲು ನಾನು ನೋಡಿಕೊಂಡೆ. ಅತ್ತೆ ಬಸ್ ಹತ್ತುವಾಗ ನಂಜಂಗೆ ಚೆನ್ನಾಗಿ ಇಕ್ಕು ಎಂದು ಎರಡೆರಡು ಸಲ ಹೇಳಿದಳು. ನಾನು ಕಿಸಕ್ಕನೆ ನಕ್ಕೆ.

ಒಂದು ಗಂಟೆಗೆ ಅಪ್ಪ ಬಂದ. ಬೆಳಗಿನಿಂದ ಗೊಬ್ಬರದ ಮೂಟೆ ಏರಿಸಿ ಅಂಗಿಯೆಲ್ಲ ನೆಂದಿತ್ತು. ಇಂಜೆಕ್ಷನ್ ನಾನೇ ಚುಚ್ಚಿದೆ, ಹದಿನೆಂಟು. ಮುದ್ದೆ ತೂಗಿ ಇಟ್ಟೆ, ಸಾರು ಸೌಟಿನಲ್ಲಿ ಬಿಟ್ಟೆ. ಅಪ್ಪ ತಟ್ಟೆ ನೋಡಿದ, ಅಡುಗೆಮನೆ ಕಡೆ ನೋಡಿದ.

"ಇಷ್ಟೇನಾ ಪುಟ್ಟಿ?" ಅಂದ.

"ಇಷ್ಟೇ ಕಣಪ್ಪ. ದಿನಾ ತಿನ್ನೋದು ಇಷ್ಟೇ ಅಲ್ವಾ?" ಎಂದು ಚೀಟಿ ಮುಂದೆ ಹಿಡಿದೆ.

ಅವನು ಅಷ್ಟನ್ನೇ ಉಂಡ. ತಟ್ಟೆಗೆ ನೀರು ಬಿಟ್ಟು ಕೈ ತೊಳೆದು, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಹನಗೋಡಿನ ಕಡೆ ಲೋಡು ಹೊತ್ತು ಹೋದ. ಅಲ್ಲಿ ಮೂಟೆಗಳನ್ನೆಲ್ಲ ಅವನೇ ಇಳಿಸಿದನಂತೆ. ಆಮೇಲೆ ಹೊಂಗೆ ಮರದ ನೆರಳಿಗೆ ಆಟೋ ಹಾಕಿ ಮಲಗಿದ. ಸುಸ್ತಾಗಿ ಮಲಗಿದ್ದಾನೆ ಎಂದು ದಾರಿಹೋಕರು ಎಬ್ಬಿಸಲಿಲ್ಲ. ಸಂಜೆ ಯಾರೋ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು.

ಸಕ್ಕರೆ ಪೂರ್ತಿ ಕೆಳಗಿಳಿದು ಹೋಗಿದೆ ಎಂದರು ಆಸ್ಪತ್ರೆಯವರು. ಹೇಗೆ ಎಂದು ನನಗೆ ತಿಳಿಯಲಿಲ್ಲ. ಮೂಟೆ ಹೊರುವುದು ಅವನಿಗೆ ಹೊಸದಲ್ಲ. ಅದೇ ಇಂಜೆಕ್ಷನ್, ಅದೇ ಊಟ. ಹತ್ತು ದಿನ ಚೀಟಿಗಳನ್ನು ನೆಲದ ಮೇಲೆ ಹರವಿಕೊಂಡು ಕೂತೆ. ಪ್ರತಿಯೊಂದರಲ್ಲೂ ಅತ್ತೆಯ ಸೊಟ್ಟ ಸೊನ್ನೆ, ಮುದ್ದೆಗೆ ಒಂದೇ.

ಹನ್ನೊಂದನೇ ದಿನ ತಿಥಿ. ಅಪ್ಪನ ಫೋಟೋ ಮುಂದೆ ಎಲೆ ಹಾಸಿ ಅತ್ತೆ ಎಡೆ ಇಟ್ಟಳು. ಒಂದು ಮುದ್ದೆ ಇಟ್ಟಳು, ಸಾರು ಬಿಟ್ಟಳು. ಆಮೇಲೆ ಇನ್ನೊಂದು ಮುದ್ದೆ ಮುರಿದು, ಅರ್ಧವನ್ನು ಮೊದಲಿನದರ ಪಕ್ಕ ಒತ್ತಿ ಇಟ್ಟಳು. ದಿನಾ ಮಾಡುವ ಕೆಲಸದಂತೆ ಆ ಕೈ ಪಳಗಿತ್ತು.

ಅಪ್ಪನಿಗೆ ಒಂದೇ ಅಲ್ಲವಾ ಅತ್ತೆ, ಎಂದೆ.

"ದಿನಾ ಒಂದೂವರೆ ಕಣವ್ವ," ಅಂದಳು. "ನೀ ಬೈತೀಯ ಅಂತ ಮುಚ್ಚಿಟ್ಟಿದ್ದಲ್ಲ. ಬೇರೇರ್ದೆಲ್ಲ ಎಣಿಸ್ದೆ, ಪಾಪ ಬಂದ್ರೆ ನಂಗೇ ಬರ್ಲಿ ಅಂತ. ನಂಜಂದು ಎಂಗವ್ವ ಎಣಿಸ್ಲಿ? ಒಂದು ಬರ್ದು ಅರ್ಧ ಬುಟ್ಬುಟ್ಟೆ. ಆ ಅರ್ಧ ಲೆಕ್ಕಕ್ಕೆ ಸಿಗ್ದೆ ಇದ್ರೆ ಅವನ ಆಯಸ್ಸಿಗೆ ಇರ್ತದೆ ಅಂತ."

ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಾದರೇನು ಎಂದು ಗಾದೆ ಹೇಳುತ್ತಾರೆ. ಅಪ್ಪನಿಗೆ ಬಡಿಸಿದವರಿಬ್ಬರೂ ಅವನವರೇ. ಹದಿನೆಂಟು ಯೂನಿಟ್ ಒಂದೂವರೆ ಮುದ್ದೆಗೆ ಸರಿಯಾಗಿತ್ತು. ನಾನು ತೂಗಿ ಇಟ್ಟದ್ದು ಒಂದು. ದಿನಕ್ಕಿಂತ ಅರ್ಧ ಕಡಿಮೆ ಎಂದು ಅವನಿಗೆ ಗೊತ್ತಿತ್ತು, ಹಸಿವೂ ಇತ್ತು. ಅಕ್ಕನಿಗೆ ಮಗಳ ಕೈಲಿ ಬೈಸಬಾರದೆಂದು ಸುಮ್ಮನೆ ಎದ್ದು ಹೋದ. ನನ್ನೆದೆ ಒಡೆದುಹೋಯಿತು, ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅತ್ತೆ ಊದುಬತ್ತಿ ಹಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅವತ್ತೊಂದಿನ ನಾನಿರ್ಲಿಲ್ಲ. ನೀ ಎಷ್ಟು ಇಕ್ಕಿದ್ದೆ ಪುಟ್ಟಿ?"

ಬಡಿಸಿದಷ್ಟೇ ಬರೆಯಬೇಕು, ಸುಳ್ಳು ಗುರುತು ಹಾಕಿದರೆ ಈ ಕೆಲಸವೇ ದಂಡ ಎಂದು ನಾಲ್ಕು ಹೋಟೆಲಿನವರಿಗೆ ಪಾಠ ಹೇಳಿದವಳು ನಾನು. ಅಪ್ಪನ ಜೇಬಿನಲ್ಲಿ ಸಿಕ್ಕ ಕೊನೆಯ ಚೀಟಿ ನನ್ನ ಪರ್ಸಿನಲ್ಲೇ ಇತ್ತು.

"ಒಂದೂವರೆ, ಅತ್ತೆ," ಎಂದೆ.

ಅವಳು ಉಸಿರು ಬಿಟ್ಟಳು. "ಸದ್ಯ. ಅಸ್ಕೊಂಡು ಓಗ್ಲಿಲ್ಲ ಬುಡು ನನ್ ಕಂದ."

ಎಡೆ ಇಳಿಸಿದ ಮೇಲೆ ಆ ಅರ್ಧ ಮುದ್ದೆಯನ್ನು ನನ್ನ ಎಲೆಗೆ ಹಾಕಿ, ಸಾರು ಬಿಟ್ಟು, ಉಣ್ಣು ಎಂದಳು. ನಾನು ಉಂಡೆ.