ಬಟ್ಟೆ ಕಟ್ಟದ ಮೂಗು

ಮಶೀನು ನೋಡಿಕೊಳ್ಳುವ ಮಿಸ್ತ್ರಿಯ ಮೂಗಿನ ಹೊಳ್ಳೆಗಳ ಸುತ್ತ ಸದಾ ಹಳದಿ ಪುಡಿ ಮೆತ್ತಿರುತ್ತಿತ್ತು. ಜೇವರ್ಗಿಯ ನಮ್ಮ ದಾಲ್ ಮಿಲ್ಲಿನಲ್ಲಿ ತೊಗರಿ ಒಡೆಯುವಾಗ ಏಳುವ ಧೂಳು ಅದು. ಬೇಳೆ ಆರಿಸುವ ನಾವು ಹೆಂಗಸರು ಮೂಗು ಬಾಯಿಗೆ ಬಟ್ಟೆ ಬಿಗಿದು ಕೂರುತ್ತಿದ್ದೆವು. ಕಟ್ಟದವಳು ಒಳಗೆ ಕಾಲಿಡಬಾರದೆಂದು ಕಟ್ಟಳೆ ಮಾಡಿದವರು ಮಿಸ್ತ್ರಿಯೇ. ತಾವು ಮಾತ್ರ ಯಾವತ್ತೂ ಕಟ್ಟಲಿಲ್ಲ.

ತಮ್ಮೂರು ಅಂದೋಲಾದಿಂದ ಮೊದಲ ಬಸ್ಸಿಗೆ ಬಂದವರೇ ಏಣಿ ಹತ್ತಿ, ಛಾವಣಿಯ ತೊಲೆಗಳ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. "ಮಿಸ್ತ್ರಿಗೆ ಹೇಣ್ತಿಗಿಂತ ತೊಲಿ ಮ್ಯಾಲೇ ಜೀವ ಜಾಸ್ತಿ" ಎಂದು ನಾವು ಕೆಳಗೆ ಕೂತು ನಗುತ್ತಿದ್ದೆವು.

ಆ ನಗು ನಿಂತದ್ದು ಒಂದು ಶುಕ್ರವಾರ. ಶುಕ್ರವಾರ ಮಶೀನು ಚಾಲೂ ಮಾಡುವ ಮೊದಲು ಅದಕ್ಕೆ ಪೂಜೆ. ಅಂದು ಬಸ್ಸು ಕೆಟ್ಟು ಮಿಸ್ತ್ರಿ ಬರುವುದು ತಡವಾಗಿತ್ತು. ಲಕ್ಷ್ಮಿ ಬರುವ ಜಾಗ ಚೊಕ್ಕ ಇರಲೆಂದು ಹಮಾಲರು ಗಾಳಿ ಪೈಪು ಹಿಡಿದು ಮೂಲೆಮೂಲೆಯ ಧೂಳನ್ನೆಲ್ಲ ಊದಿಬಿಟ್ಟರು. ಎದುರಿಗಿದ್ದವರ ಮುಖ ಕಾಣದಂತಾಯಿತು. ಅಷ್ಟರಲ್ಲಿ ಮಿಲ್ಲಿನ ಸಾಹುಕಾರರು ಕರ್ಪೂರದ ಆರತಿ ಹಿಡಿದು ಬಾಗಿಲಿಗೆ ಬಂದರು. ಹಿಂದಿನಿಂದ ಓಡಿಬಂದ ಮಿಸ್ತ್ರಿ ಉರಿಯುವ ಕರ್ಪೂರವನ್ನು ಅಂಗೈಯಿಂದಲೇ ಒತ್ತಿ ನಂದಿಸಿದರು.

"ಪೂಜಿ ತಾಟಿಗೆ ಕೈ ಹಾಕ್ತಿ ಏನಲೇ?" ಸಾಹುಕಾರರು ಗುಡುಗಿದರು.

"ಹೊರಗ ಬರ್ರಿ ಸಾವ್ಕಾರ್ರ, ತೋರಸ್ತೇನಿ."

ಮಿಲ್ಲಿನಿಂದ ದೂರ ಬಯಲಿನಲ್ಲಿ ಕಸಕ್ಕೆ ಬೆಂಕಿ ಹಚ್ಚಿ, ಅದರ ಮೇಲೆ ಒಂದು ಹಿಡಿ ತೊಗರಿ ಧೂಳು ತೂರಿದರು. ಭುಗ್ಗೆಂದು ಆಳೆತ್ತರದ ಉರಿ ಎದ್ದಿತು. ಸಾಹುಕಾರರು ಹಿಂದೆ ಸರಿದು ಪಂಚೆ ಎತ್ತಿಕೊಂಡರು.

"ಇದು ಒಂದ್ ಹಿಡಿ ರೀ, ಅದೂ ಬಯಲಾಗ. ಒಳಗ ನಾಕ್ ಗ್ವಾಡಿ ನಡುವ ಹೆಣ್ಮಕ್ಕಳು ಕುಂತಾರ."

ಅಂದಿನಿಂದ ಆರತಿ ಹೊರಗೆ ಬೇವಿನ ಮರದ ಕೆಳಗೆ ಹೋಯಿತು, ಗಾಳಿ ಪೈಪಿಗೆ ಬೀಗ ಬಿತ್ತು.

ಒಮ್ಮೆ ನಾನೇ ಕೇಳಿದೆ, "ನಮಗ ಕಟ್ಟಸ್ತೀರಿ, ನೀವ್ಯಾಕ ಮೂಗು ಕಟ್ಟಂಗಿಲ್ರಿ?"

ಮಿಸ್ತ್ರಿ ಕಾಳನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಕಡೆ ಕೈ ತೋರಿಸಿದರು. "ಅದರ ಬೇರಿಂಗ್ ಕಾದ್ರ ಮೊದಲ ವಾಸನಿ ಬರ್ತದ, ತಂಗಿ. ಬಟ್ಟಿ ಕಟ್ಟಿದ್ರ ಹೆಂಗ ತಿಳೀಬೇಕು? ಅಲ್ಲೊಂದು ಕಿಡಿ ಹಾರಿದ್ರ ನಮ್ಮ ಕಥಿ ಮುಗೀತು."

ನಾನು ಕಂಡಂತೆ ಎರಡು ಸಲ ಹಾಗೆ ವಾಸನೆ ಹಿಡಿದು ಮಿಲ್ಲು ನಿಲ್ಲಿಸಿದ್ದರು. ಬೇರಿಂಗು ಬಿಸಿಯಾದರೆ ಗಂಟೆ ಹೊಡೆಯುವ ಮಶೀನು ಕೂಡಿಸಿರೆಂದು ಅವರು ಕೇಳಿದಾಗಲೆಲ್ಲ ಸಾಹುಕಾರರು ಬೆನ್ನು ತಟ್ಟಿ, "ನಿನ್ನ ಮೂಗ ಇರೂತನಕ ಅದ್ಯಾಕೋ?" ಎನ್ನುತ್ತಿದ್ದರು. ಮಿಸ್ತ್ರಿ ನಾಚಿ ನಗುತ್ತಿದ್ದರು. ಆ ನಗು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೆಮ್ಮು ಮೊದಲು ಏಣಿ ಹತ್ತುವಾಗ ಬರುತ್ತಿತ್ತು, ಆಮೇಲೆ ಮಾತಿನ ನಡುವೆಯೂ ಶುರುವಾಯಿತು. ಧೂಳು ಕುಡಿದು ಕುಡಿದು ಪುಪ್ಪಸ ಕೆಟ್ಟಿದೆ ಎಂದರು ಕಲಬುರಗಿಯ ಡಾಕ್ಟರು. ಹೋದ ಬೇಸಿಗೆಯಲ್ಲಿ ಮಿಸ್ತ್ರಿ ತೀರಿಕೊಂಡರು. ಅಂದೋಲಾದಲ್ಲಿ ಎಲ್ಲರೂ ಹಿಡಿ ಮಣ್ಣು ಹಾಕುವಾಗ ಧೂಳೆದ್ದಿತು. ನನ್ನ ಕೈ ತಾನಾಗಿಯೇ ಸೆರಗನ್ನು ಮೂಗಿಗೆ ಒಯ್ದಿತು. ಅದನ್ನು ಕಲಿಸಿದವರು ಅವರೇ ಎಂದು ನೆನಪಾಗಿ ಅಲ್ಲೇ ಅತ್ತುಬಿಟ್ಟೆ.

ಆ ಗಂಟೆ ಹೊಡೆಯುವ ಮಶೀನು ಇನ್ನೂ ಬಂದಿಲ್ಲ. ಕೇಳಿದರೆ, "ಮುಂದಿನ ಸುಗ್ಗಿಗೆ ನೋಡೋಣು ಬೇ" ಎನ್ನುತ್ತಾರೆ ಸಾಹುಕಾರರು. ಒಳಗೆ ಹತ್ತಾರು ಹೆಂಗಸರು ಕೂತಿರುತ್ತಾರೆ. ಎಲಿವೇಟರಿನ ಹತ್ತಿರ ಹೋದಾಗಲೆಲ್ಲ ನಾನು ಮುಖದ ಬಟ್ಟೆ ಕೆಳಗೆಳೆದು ವಾಸನೆ ನೋಡುತ್ತೇನೆ. ಮೊನ್ನೆ ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನನ್ನ ಮೂಗಿನ ಹೊಳ್ಳೆಗಳ ಸುತ್ತಲೂ ಹಳದಿ ಪುಡಿ ಮೆತ್ತಿತ್ತು.