ಬೀಟೆ ಬಣ್ಣದ ರೇಲಿಂಗ್

ಅಕ್ಕೂರಿನ ಅಂಕಯ್ಯ ಇಪ್ಪತ್ತು ವರ್ಷ ಮರಕ್ಕೆ ಪಾಲಿಶ್ ಹಾಕಿದವನು. ಹೆಂಡತಿ ಅಂಕಮ್ಮ ಜೊತೆಗೇ ಹೋಗುತ್ತಿದ್ದಳು. ಉಪ್ಪುಕಾಗದದಲ್ಲಿ ಉಜ್ಜುವುದು ಅವಳ ಪಾಲು, ಬಣ್ಣ ಕೂರಿಸುವುದು ಅವನದು. ಸುತ್ತಮುತ್ತ ಫ್ಯಾಕ್ಟರಿಗಳು ಬಂದಂತೆ ಹಳ್ಳಿಗಳಲ್ಲಿ ಮಹಡಿ ಮನೆಗಳೂ ಎದ್ದು, ಇಬ್ಬರಿಗೂ ಬಿಡುವಿರಲಿಲ್ಲ. ಮಗಳು ರಮ್ಯಾ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಬಣ್ಣ ಕರಗಿಸುವ ಥಿನ್ನರಿನ ಘಾಟು ಕುಡಿದೂ ಕುಡಿದೂ ಅಂಕಯ್ಯನ ಮೂಗು ಸತ್ತುಹೋಗಿತ್ತು. ಸಾರು ಹಳಸಿದ್ದನ್ನೂ ಅಂಕಮ್ಮನೇ ಹೇಳಬೇಕು.

ಎರಡು ಸಾವಿರದ ಏಳರಲ್ಲಿ ಬೈರಾಪಟ್ಟಣದ ಕೆಂಪರಾಜುವಿನ ಹೊಸ ಮನೆಯ ಕೆಲಸ ಒಪ್ಪಿಕೊಂಡರು. ಗೃಹಪ್ರವೇಶಕ್ಕೆ ಐದೇ ದಿನ. ಮೆಟ್ಟಿಲಿನ ರೇಲಿಂಗ್ ಹೊನ್ನೆ ಮರದ್ದು, ಕೆಂಪರಾಜುವಿಗೆ ಅದು ಬೀಟೆಯ ಹಾಗೆ ಕಾಣಬೇಕಿತ್ತು. ಮೊದಲ ದಿನ ಹಚ್ಚಿದ ಬಣ್ಣ ಕೆಟ್ಟಿತು. ಊರಾಚೆ ಏಳುತ್ತಿದ್ದ ಫ್ಯಾಕ್ಟರಿಗೆ ಜಲ್ಲಿ ಹೊರುವ ಲಾರಿಗಳು ಬಾಗಿಲ ಮುಂದೆಯೇ ಓಡಾಡಿ, ಹಸಿ ಬಣ್ಣದ ತುಂಬ ಧೂಳು. ಮರುದಿನ ಅಂಕಯ್ಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಥಿನ್ನರಿನಲ್ಲಿ ಅದನ್ನು ಒರೆಸಿ ತೆಗೆಯಲು ಕೂತ.

ಕೆಳಗಿನ ಮೆಟ್ಟಿಲಲ್ಲಿ ಒರೆಸುತ್ತಿದ್ದ ಅಂಕಮ್ಮ ಕೆಮ್ಮಿದಳು. "ಕಣ್ಣು ಉರೀತಾವೆ. ತಲೆ ಬೇರೆ ತಿರುಗ್ತೈತೆ. ಒಸಿ ಕಿಟ್ಕಿ ತಗಿ."

"ಧೂಳು ಕೂತ್ಬುಟ್ರೆ ಮತ್ತೆ ಎಲ್ಲಾ ಉಜ್ಜಬೇಕು ಕಣಮ್ಮಿ. ಒಂದ್ ಗಂಟೆ ತಡ್ಕೊ."

ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೆಲಸಕ್ಕೆ ಬಗ್ಗಿದಳು.

ಆ ಹೊತ್ತಿಗೆ ಕೆಂಪರಾಜುವಿನ ಹೆಂಡತಿ ವೆಂಕಟಲಕ್ಷ್ಮಮ್ಮ ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದಳು. ಕೆಲಸದವರಿಗೆ ಟೀ ಕಾಯಿಸೋಣವೆಂದು ಹೊಸ ಒಲೆಗೆ ಕಡ್ಡಿ ಗೀರಿದಳು. ಬೆಂಕಿ ಒಲೆಯಲ್ಲಿ ನಿಲ್ಲಲಿಲ್ಲ. ಮುಚ್ಚಿದ ಮನೆಯಲ್ಲಿ ತುಂಬಿದ್ದ ಥಿನ್ನರಿನ ಆವಿಗೆ ಹತ್ತಿ, ಭಗ್ಗೆಂದು ನೆಲದ ಮೇಲೆ ಹರಿದು ಮೆಟ್ಟಿಲಿಗೆ ಏರಿತು. ವೆಂಕಟಲಕ್ಷ್ಮಮ್ಮ ಹಿತ್ತಲಿಗೆ ಹಾರಿಬಿದ್ದು ಜೀವ ಉಳಿಸಿಕೊಂಡಳು. ಮೇಲಿನ ತಿರುವಿನಲ್ಲಿದ್ದ ಅಂಕಯ್ಯ ಇಳಿದು ಬರುವಷ್ಟರಲ್ಲಿ ಅಂಕಮ್ಮನ ಸೀರೆ ಪೂರ್ತಿ ಹತ್ತಿಕೊಂಡಿತ್ತು. ಬರಿಗೈಯಲ್ಲೇ ಬಡಿದು ಆರಿಸಿದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳು ಒಂಬತ್ತು ದಿನ ಇದ್ದಳು. ಒಮ್ಮೆಯೂ ಮಾತು ಬರದೆಯೇ ತೀರಿಕೊಂಡಳು.

ತಿಥಿಯ ದಿನ ವೆಂಕಟಲಕ್ಷ್ಮಮ್ಮ ಅಕ್ಕೂರಿಗೆ ಬಂದಳು. ಅಂಗಳದಲ್ಲೇ ನಿಂತು ಅತ್ತಳು. "ಕಡ್ಡಿ ಗೀರಿದ್ದು ನಾನು ಅಂಕಯ್ಯ. ನನ್ನ ಕೈಯಿಂದಾನೇ ಆಗ್ಬುಡ್ತು."

"ಟೀ ಕಾಯ್ಸಕ್ಕೆ ಬಂದ್ರಿ, ನಿಮಗೇನು ಗೊತ್ತವ್ವ," ಎಂದ ಅಂಕಯ್ಯ. ಅವನ ಎರಡೂ ಅಂಗೈಗೆ ಬ್ಯಾಂಡೇಜ್ ಇತ್ತು. "ಕಿಟ್ಕಿ ಮುಚ್ಚಿದ್ದು ನಾನು. ತಗಿ ಅಂದ್ರೂ ತಗೀಲಿಲ್ಲ."

ಒಳಗೆ ಎಲೆ ಹಾಕುತ್ತಿದ್ದ ರಮ್ಯಾ ಹೊರಗೆ ಬಂದಳು. "ಅವ್ವ ತಗಿ ಅಂದಿದ್ಲಾ?"

ಸುಳ್ಳು ಹೇಳಬಹುದಿತ್ತು. "ಅಂದಿದ್ಲು," ಎಂದ.

ಅವಳು ತಿರುಗಿ ಒಳಗೆ ಹೋದಳು. ಬಂದವರಿಗೆಲ್ಲ ಬಡಿಸಿ ಮುಗಿಸಿ, ಸಂಜೆ ಬಸ್ಸಿಗೆ ಮೈಸೂರಿಗೆ ಹೊರಟುಹೋದಳು.

ಸುಟ್ಟ ರೇಲಿಂಗ್ ಕಿತ್ತು ಕೆಂಪರಾಜು ಕಬ್ಬಿಣದ್ದು ಹಾಕಿಸಿದ. ಅಂಕಯ್ಯನ ಬೆರಳುಗಳು ಸೆಟೆದುಕೊಂಡು ಬ್ರಷ್ ಹಿಡಿಯಲಾಗದೆ, ಆ ಜಲ್ಲಿ ಲಾರಿಗಳು ಹೋಗುತ್ತಿದ್ದ ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗೆ ಸೇರಿದ. ರಮ್ಯಾಳಿಗೆ ಕನಕಪುರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಬಂದು ಅಪ್ಪನ ಬಟ್ಟೆ ಒಗೆದು, ಮುದ್ದೆ ಕಟ್ಟಿ, ಬೆರಳು ಮಡಚಲಾಗದ ಅವನಿಗೆ ಮುರಿದು ತಿನ್ನಿಸುತ್ತಾಳೆ. ಅಪ್ಪಾ ಎಂದು ಮಾತ್ರ ಕರೆಯುವುದಿಲ್ಲ.