ತಿದ್ದಿಸಿಕೊಳ್ಳದ ಫೈಲುಗಳು

ಸುಬ್ಬಲಕ್ಷ್ಮಿ ನಿರ್ದಯಿ. ಇನ್ನೊಬ್ಬರ ತಪ್ಪು ಕೈಗೆ ಸಿಕ್ಕರೆ ಅದನ್ನು ನಾಲ್ಕು ಜನರ ಮುಂದೆ ಎತ್ತಿ ತೋರಿಸದೆ ಅವಳಿಗೆ ಸಮಾಧಾನವಿರಲಿಲ್ಲ. ಸೋದರತ್ತೆಯ ಮಗಳ ಮದುವೆಯಲ್ಲಿ ಪಾಯಸ ಸೀದಿದೆಯೆಂದು ಮೊದಲ ಪಂಕ್ತಿಯಲ್ಲೇ ಸಾರಿದವಳು ಅವಳು. ಮಾಟುಂಗಾದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರನ್ನು ನಡುವೆಯೇ ನಿಲ್ಲಿಸಿ, ಶ್ರುತಿ ಎಲ್ಲಿ ತಪ್ಪಿತೆಂದು ಹೇಳಿಕೊಟ್ಟವಳೂ ಅವಳೇ. ಅವಳು ಹೇಳಿದ್ದು ಯಾವಾಗಲೂ ಸರಿಯಾಗಿರುತ್ತಿತ್ತು. ಜನರಿಗೆ ತಡೆಯಲಾಗದೆ ಇದ್ದದ್ದು ಅದೇ.

ಮೈಸೂರಿನಿಂದ ಬಂದು ಅಂಧೇರಿಯ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಟೈಪಿಸ್ಟಾಗಿ ಸೇರಿದವಳು ಅಲ್ಲೇ ತಲೆಗೂದಲು ನರೆಸಿಕೊಂಡಳು. ಕಂಪನಿಗೆ ಕಂಪ್ಯೂಟರ್ ಬರುತ್ತದೆ ಎಂದಾಗ ಉಳಿದ ಟೈಪಿಸ್ಟರು ಯೂನಿಯನ್ನಿಗೆ ಓಡಿದರು. ಅವಳು ಕಾಂದಿವಲಿಯ ಸಂಜೆ ಕ್ಲಾಸಿಗೆ ಓಡಿದಳು. ಹಾಗಾಗಿ, ಗಾಜಿನ ಗೋಡೆ, ಏ.ಸಿ., ಚಪ್ಪಲಿ ಹೊರಗೆ ಬಿಡುವ ಕಟ್ಟಳೆ ಎಲ್ಲ ಇದ್ದ ಆ ಪುಟ್ಟ ಕೋಣೆ ಅವಳ ರಾಜ್ಯವಾಯಿತು.

ಆ ರಾಜ್ಯಕ್ಕೆ ಶೀಲಾವತಿ ಬಂದದ್ದು ತೊಂಬತ್ತರ ಮಳೆಗಾಲದಲ್ಲಿ. ವಿಜಾಪುರದ ಕಡೆಯವರು, ಭಾಂಡುಪಿನಲ್ಲಿ ಮನೆ. ತಂದೆಯ ಕಾರ್ಖಾನೆಗೆ ಬೀಗ ಬಿದ್ದು ವರ್ಷವಾಗಿತ್ತು. ಹುಡುಗಿಯದು ಟೆಂಪರರಿ ಕೆಲಸ. ದೀಪಾವಳಿ ಕಳೆದ ಮೇಲೆ ಕಾಯಂ ಮಾಡುವ ಮಾತಿತ್ತು. ಕಂಪನಿಯ ಫೈಲುಗಳೆಲ್ಲ ಇದ್ದ ಫ್ಲಾಪಿಗಳನ್ನು ಪೆಟ್ಟಿಗೆಯಿಂದ ತೆಗೆದು ಯಂತ್ರಕ್ಕೆ ಹಾಕುವುದು, ಮತ್ತೆ ಕಾಗದದ ಚೀಲದೊಳಗೆ ಸೇರಿಸಿಡುವುದು ಅವಳ ಪಾಲು. ಕೀಲಿಮಣೆ ಸುಬ್ಬಲಕ್ಷ್ಮಿಯದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ದಸರೆಯ ವಾರ ಸದಾನಂದ ಎಂಬ ಉಡುಪಿಯ ಯುವಕ ಬಂದು ಹಳೆಯ ಟೈಪಿಂಗ್ ಪ್ರೋಗ್ರಾಂ ತೆಗೆದು ಹೊಸದನ್ನು ಹಾಕಿದ. ಮರುದಿನ ಆಯುಧಪೂಜೆ. ಅದಾಗಿ ರಜೆ. ರಜೆ ಮುಗಿದು ಯಂತ್ರ ಹಚ್ಚಿದರೆ ಫೈಲುಗಳು ಕಾಣಿಸುತ್ತವೆ, ಓದಲಿಕ್ಕೆ ಸಿಗುತ್ತವೆ, ತಿದ್ದಲು ಮಾತ್ರ ಬಿಡುವುದಿಲ್ಲ. ಒಂದಕ್ಷರ ಬದಲಿಸಿ ಉಳಿಸಹೋದರೆ, ಈ ಫೈಲಿಗೆ ರಕ್ಷಣೆ ಇದೆ ಎಂದು ಪರದೆ ಹೇಳುತ್ತದೆ. ಒಂದು ಫೈಲಲ್ಲ, ಎಲ್ಲವೂ. ದೊಡ್ಡ ಟೆಂಡರಿನ ತಿದ್ದುಪಡಿ ಅದೇ ಸಂಜೆ ಅಚ್ಚಾಗಿ ಹೋಗಬೇಕಿತ್ತು.

ಸದಾನಂದನನ್ನು ಫೋನ್ ಮಾಡಿ ಕರೆಸಿದರು. ಅವನು ಯಂತ್ರ ಆರಿಸಿದ, ಹಚ್ಚಿದ, ಡ್ರೈವಿನ ಬಾಯಿಗೆ ಉಫ್ ಎಂದು ಊದಿದ. ತನ್ನ ಬ್ಯಾಗಿನಿಂದ ಹೊಸ ಫ್ಲಾಪಿ ತೆಗೆದು ಹಾಕಿದ. ಅದರಲ್ಲಿ ಬರೆದದ್ದೆಲ್ಲ ಚೆನ್ನಾಗಿ ಉಳಿಯಿತು.

"ನೋಡಿ ಮೇಡಂ, ಪ್ರೋಗ್ರಾಂ ಫಸ್ಟ್ ಕ್ಲಾಸ್ ಉಂಟು. ನಿಮ್ಮ ಫೈಲ್‌ಗಳೇ ಹಳೇ ವರ್ಶನ್‌ದು. ಹೊಸದಕ್ಕೆ ಅದರ ಗುರ್ತ ಸಿಗುದಿಲ್ಲ. ಎಲ್ಲ ಫಿರ್ ಸೆ ಟೈಪ್ ಮಾಡ್ಬೇಕು ಮಾರಾಯ್ರೆ."

"ಎಲ್ಲಾನೂ? ನೀನು ಕೂತು ಮಾಡ್ತೀಯಾ?"

"ನಾನಾ? ನಂಗೆ ಎರಡೇ ಬೆರಳು ಬರುದು."

"ಆ ಎರಡು ಬೆರಳಲ್ಲೇ ತಾನೆ ಇದನ್ನ ಕೆಡಿಸಿದ್ದು."

ಅಷ್ಟರಲ್ಲಿ ಮ್ಯಾನೇಜರ್ ರಾಮಸ್ವಾಮಿ ಬಾಗಿಲಲ್ಲಿ ಕಾಣಿಸಿಕೊಂಡರು. ಬೆಂಗಳೂರಿನವರು, ಮೆತ್ತಗೆ ಮಾತಾಡುವವರು. ಅವತ್ತು ಮಾತ್ರ ಚಪ್ಪಲಿ ಕಳಚುವುದನ್ನೂ ಮರೆತಿದ್ದರು.

"ಯಾರೋ ಫ್ಲಾಪಿಗಳಲ್ಲಿ ಕೈಯಾಡಿಸಿದ್ದಾರೆ ಸುಬ್ಬಲಕ್ಷ್ಮಿ. ಈ ಹುಡುಗಿ ಬರೋಕೆ ಮುಂಚೆ ಇಂಥದ್ದು ಒಂದೂ ಆಗಿರಲಿಲ್ಲ. ಏನಾಯ್ತು, ಯಾರಿಂದ ಆಯ್ತು, ಕಂಡುಹಿಡಿದು ಹೇಳಿ. ಅವರು ನಾಳೆಯಿಂದ ಬರೋದು ಬೇಡ."

"ಚಪ್ಪಲಿ, ಸಾರ್," ಎಂದಳು ಸುಬ್ಬಲಕ್ಷ್ಮಿ.

ಅವರು ಚಪ್ಪಲಿ ನೋಡಿಕೊಂಡು ಹಾಗೇ ಹಿಂದಕ್ಕೆ ಹೋದರು.

ತಾನೇನೂ ಮಾಡಿಲ್ಲವೆಂದು ಶೀಲಾವತಿಗೆ ಗೊತ್ತಿತ್ತು. ಆದರೆ ಸುಬ್ಬಲಕ್ಷ್ಮಿ ಹುಡುಕಲು ಕುಳಿತರೆ ತಪ್ಪು ಸಿಗದೆ ಹೋಗುವುದಿಲ್ಲವೆಂಬುದೂ ಗೊತ್ತಿತ್ತು. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಪೆಟ್ಟಿಗೆ ಹಿಡಿದು ನಿಂತಳು.

ಸುಬ್ಬಲಕ್ಷ್ಮಿ ಅವಸರ ಮಾಡಲಿಲ್ಲ. ಮಜ್ಜಿಗೆ ಕುಡಿದಳು. ಆಮೇಲೆ ಸದಾನಂದನಿಗೆ ಹೇಳಿದಳು: "ಹಳೇ ಪ್ರೋಗ್ರಾಂ ಮತ್ತೆ ಹಾಕು."

"ಮೇಡಂ, ಅದು ಉಲ್ಟಾ ಕೆಲಸ..."

"ಹಾಕು ಅಂದೆ."

ಹಾಕಿದ. ಹಳೆಯ ಪ್ರೋಗ್ರಾಮಿನಲ್ಲಿ ಹಳೆಯ ಫೈಲು ತೆರೆದು ಒಂದು ಅಲ್ಪವಿರಾಮ ಸೇರಿಸಿದಳು. ಅದೂ ಒಪ್ಪಲಿಲ್ಲ.

"ಹಳೇದಕ್ಕೂ ಗುರ್ತ ಸಿಗಲಿಲ್ವೇನಪ್ಪ? ತನ್ನ ಮಕ್ಕಳದ್ದೇ?"

ಸದಾನಂದ ತಲೆ ಕೆರೆದುಕೊಂಡ. "ಇದು ಎಂಥ ಗ್ರಹಚಾರ ಅಂತ!"

"ಗ್ರಹಚಾರ ಪ್ರೋಗ್ರಾಮಿಗೂ ಇಲ್ಲ, ಫೈಲಿಗೂ ಇಲ್ಲ. ಫ್ಲಾಪಿಗೇ ಏನೋ ಆಗಿದೆ. ಶೀಲಾವತಿ, ಒಂದು ಇಲ್ಲಿ ಕೊಡು. ಚೀಲದಿಂದ ಹೊರಗೆ ತೆಗೆದು ಕೊಡು."

ಅವಳು ಕೊಟ್ಟಳು. ಸುಬ್ಬಲಕ್ಷ್ಮಿ ಕನ್ನಡಕ ಏರಿಸಿಕೊಂಡು ಆ ಕರಿಯ ಚೌಕವನ್ನು ದೀಪದ ಕೆಳಗೆ ತಿರುಗಿಸಿದಳು. ಬಲ ಅಂಚಿನ ಮೇಲೆ, ಹಿಂದಕ್ಕೂ ಮುಂದಕ್ಕೂ ಮಡಿಚಿ ಅಂಟಿಸಿದ, ಹೆಂಗಸರು ಹಣೆಗಿಡುವ ಒಂದು ದೊಡ್ಡ ಕೆಂಪು ಟಿಕಲಿ ಇತ್ತು.

"ಇದೇನಿದು?"

"ಆಯುಧಪೂಜಿ ದಿನ ಖಂಡೆಪೂಜಿ ಮಾಡಿದೆನ್ರಿ ಅಕ್ಕಾವ್ರ. ಈ ಖೋಲಿಯೊಳಗ ಅರಿಷಿಣ ಕುಂಕುಮದ ಪುಡಿ ತರಬ್ಯಾಡ ಅಂದಿದ್ರಲ್ರಿ, ಧೂಳ ಆಗ್ತದ ಅಂತ. ಅದಕ್ಕ ಟಿಕಲಿ ಹಚ್ಚಿದೆ."

"ಎಲ್ಲದಕ್ಕೂ?"

"ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಹೆಂಗ್ರಿ?"

"ಅಷ್ಟು ಜಾಗ ಇರುವಾಗ ಈ ಅಂಚಿಗೇ ಯಾಕೆ?"

"ಹೊಸಾ ಪ್ರೋಗ್ರಾಮಿನ ಫ್ಲಾಪಿಗೆ ಅಲ್ಲೇ ಒಂದು ಬೆಳ್ಳಿ ಪಟ್ಟಿ ಅಂಟಿಸಿದ್ರಲ್ರಿ. ಅಂಟಸೂ ಜಾಗ ಅದ ಇರಬೇಕು ಅಂದ್ಕೊಂಡೆ."

ಸದಾನಂದ ಹಣೆ ಹಣೆ ಬಡಿದುಕೊಂಡು ನಗತೊಡಗಿದ. ಫ್ಲಾಪಿಯ ಆ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದು ತೆರೆದಿದ್ದರೆ ಯಂತ್ರ ಬರೆಯುತ್ತದೆ. ಮುಚ್ಚಿದ್ದರೆ ಓದುತ್ತದೆ ಅಷ್ಟೆ. ಯಾರೂ ಅಳಿಸಬಾರದೆಂದು ಮಾರುವವರು ಬೆಳ್ಳಿ ಪಟ್ಟಿ ಅಂಟಿಸಿ ಅದನ್ನು ಮುಚ್ಚಿ ಕಳಿಸುತ್ತಾರೆ. ಶೀಲಾವತಿ ಪೂಜೆ ಮಾಡಿ, ಇಡೀ ಕಂಪನಿಯ ಕಾಗದಪತ್ರಗಳಿಗೆಲ್ಲ ರಕ್ಷಣೆ ಕೊಟ್ಟುಬಿಟ್ಟಿದ್ದಳು.

"ವ್ಹಾ ಬಾಯಿ! ಭಾರೀ ಭಕ್ತಿ!" ಎಂದ ಅವನು ಕಣ್ಣೊರೆಸಿಕೊಳ್ಳುತ್ತ.

ಶೀಲಾವತಿಗೆ ನಗು ಬರಲಿಲ್ಲ. "ನಂದ ತಪ್ಪೇನ್ರಿ?" ಎಂದವಳು ಉತ್ತರ ಬರುವ ಮೊದಲೇ ಹೊರಡಲು ತನ್ನ ಕೈಚೀಲ ಹುಡುಕಿದಳು.

ಸುಬ್ಬಲಕ್ಷ್ಮಿ ಉಗುರಿನ ತುದಿಯಿಂದ ಟಿಕಲಿ ಕೀಳಲು ಶುರುಮಾಡಿದಳು. ಒಂದು ಫ್ಲಾಪಿ ಹಾಕಿ ನೋಡಿದಳು, ಅಲ್ಪವಿರಾಮ ಉಳಿಯಿತು. ಅದನ್ನೇ ಹೊಸ ಪ್ರೋಗ್ರಾಮಿನಲ್ಲಿ ನೋಡಿದಳು, ಅಲ್ಲೂ ಉಳಿಯಿತು. ಕಿತ್ತ ಟಿಕಲಿಗಳನ್ನು ಮೇಜಿನ ಅಡಿಗೆ ಅಂಟಿಸುತ್ತ ಇನ್ನೊಂದಕ್ಕೆ ಕೈ ಹಾಕಿದಳು.

ಗಾಜಿನ ಬಾಗಿಲು ತೆರೆಯಿತು. ಈ ಸಲ ರಾಮಸ್ವಾಮಿ ಬರಿಗಾಲಲ್ಲಿ ಬಂದಿದ್ದರು. ಅವರ ಹಿಂದೆ ಟೈಪಿಸ್ಟರೆಲ್ಲ ಕತ್ತು ಚಾಚಿ ನಿಂತಿದ್ದರು. ಸುಬ್ಬಲಕ್ಷ್ಮಿ ತಪ್ಪು ಹಿಡಿಯುವುದನ್ನು ನೋಡಲು ಯಾವಾಗಲೂ ಜನ ಸೇರುತ್ತಿತ್ತು.

"ಸಿಕ್ತಾ? ಯಾರ ಕೆಲಸ ಇದು?"

ಶೀಲಾವತಿ ಕಣ್ಣು ಮುಚ್ಚಿಕೊಂಡಳು.

"ಯಾರದ್ದೂ ಅಲ್ಲ ಸಾರ್. ಡ್ರೈವಿನಲ್ಲಿ ಧೂಳು ಕೂತಿತ್ತು."

"ಧೂಳಲ್ಲ ಸಾರ್, ಅದು..." ಎಂದು ಸದಾನಂದ ಬಾಯಿ ತೆರೆದ.

"ಧೂಳು," ಎಂದಳು ಸುಬ್ಬಲಕ್ಷ್ಮಿ ಅವನನ್ನೇ ನೋಡುತ್ತ. "ಹೊಸದು ಹಾಕುವಾಗ ನೀನು ಒರೆಸಿರಲಿಲ್ಲ. ಇದನ್ನ ಬೆಳೆಸೋದು ಬೇಡ ಅಂತ ಸುಮ್ಮನಿದ್ದೀನಿ."

ಸದಾನಂದ ಕರವಸ್ತ್ರ ತೆಗೆದು ಡ್ರೈವಿನ ಬಾಯಿ ಒರೆಸತೊಡಗಿದ. ರಾಮಸ್ವಾಮಿ ಒಮ್ಮೆ ಅವನನ್ನೂ ಒಮ್ಮೆ ಹುಡುಗಿಯನ್ನೂ ನೋಡಿದರು. ಆಮೇಲೆ ಅವರ ಕಣ್ಣು ಸುಬ್ಬಲಕ್ಷ್ಮಿಯ ಬೆರಳ ತುದಿಗೆ ಹೋಯಿತು. "ಅದೇನು ಕೆಂಪಗೆ?"

ಸುಬ್ಬಲಕ್ಷ್ಮಿ ಬೆರಳೆತ್ತಿ, ಆ ಟಿಕಲಿಯನ್ನು ತನ್ನ ಹಣೆಯ ಕುಂಕುಮದ ಮೇಲೇ ಒತ್ತಿ ಅಂಟಿಸಿಕೊಂಡಳು.